ಮನೆತನದ ಕಾಯಿಲೆ: ರಕ್ತದ್ದೋ, ಮನೆಯದ್ದೋ?



ಮಗು ಹುಟ್ಟಿದ ಮನೆಯಲ್ಲಿ ಮೊದಲು ನಡೆಯುವುದು ಹೋಲಿಕೆಯ ಕೆಲಸ. ಮೂಗು ಅಜ್ಜನದು, ಬಣ್ಣ ತಾಯಿಯದು, ಹಟ ಸೋದರಮಾವನದು ಎಂದು ಪಾಲು ಹಂಚುತ್ತೇವೆ. ಮುಂದೆ ಆ ಮಗು ಬೆಳೆದು ನಲವತ್ತು ದಾಟಿದಾಗ ಇದೇ ಹೋಲಿಕೆ ಮತ್ತೊಂದು ರೂಪದಲ್ಲಿ ಬರುತ್ತದೆ. ತಂದೆಗೆ ಸಕ್ಕರೆ ಕಾಯಿಲೆ ಇತ್ತು, ಮಗನಿಗೂ ಬಂತು. ದೊಡ್ಡಪ್ಪ ಎದೆನೋವಿನಿಂದ ಹೋದರು, ಈಗ ಅಣ್ಣನಿಗೂ ಎದೆನೋವು. ಆಗ ನಾವು ಹೇಳುವ ಮಾತು ಒಂದೇ: "ಅದು ನಮ್ಮ ಮನೆತನದಲ್ಲೇ ಇದೆ."

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ಕೆರೆಯಿದೆ. ಅದರ ಚಿತ್ರೀಕರಣಕ್ಕೆಂದು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಕೆರೆಯ ಏರಿಯ ಮೇಲೆ ನೆರಳಿಗೆ ಕುಳಿತಿದ್ದ ಹಿರಿಯರೊಬ್ಬರು ಮಾತಿನ ನಡುವೆ ಹೇಳಿದರು: "ನಮ್ಮ ಮನಿತನದಾಗ ಐತಿ ಬಿಡ್ರಿ. ಅಪ್ಪಗ ಇತ್ತು, ಅಣ್ಣಗ ಬಂತು, ನನಗೂ ಬಂದೈತಿ. ಇನ್ನ ನನ್ನ ಮಗಗ ಬರೂದ ಐತಿ. ತಪ್ಪಸಾಕ ಆಗತೈತೇನ್ರಿ?" ಮೂವತ್ತರ ಆಸುಪಾಸಿನ ಆ ಮಗ ಪಕ್ಕದಲ್ಲೇ ನಿಂತು ನಗುತ್ತಿದ್ದ. ಅವನ ಬಾಯಲ್ಲಿ ಗುಟ್ಕಾ ಇತ್ತು. ಹೇಗೂ ಬರುವುದೇ ಆದರೆ ಬಿಡುವುದೇಕೆ ಎಂಬ ನಗು ಅದು.

ಮನೆತನದಲ್ಲಿದೆ ಎಂಬ ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಒಂದು, ರಕ್ತಸಂಬಂಧದ ಮೂಲಕ ಬರುವ ವಂಶವಾಹಿಗಳು. ಇನ್ನೊಂದು, ಒಂದೇ ಸೂರಿನ ಕೆಳಗೆ ಬಾಳಿದ್ದರಿಂದ ಬರುವ ಊಟ, ನೀರು, ಹೊಗೆ, ಚಟ, ದುಡಿಮೆ. ರಕ್ತವನ್ನು ಬದಲಿಸಲು ನಮ್ಮಿಂದಾಗದು. ಮನೆಯನ್ನು ಬದಲಿಸಲು ಆಗುತ್ತದೆ. ಆದ್ದರಿಂದ ಯಾವುದು ಎಷ್ಟು ಎಂದು ತಿಳಿಯುವುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಆ ಮಗನಂಥವರ ಮುಂದಿನ ಮೂವತ್ತು ವರ್ಷಗಳ ಪ್ರಶ್ನೆ.

ನಮ್ಮ ರಾಜ್ಯದವೇ ಎರಡು ಉದಾಹರಣೆಗಳನ್ನು ನೋಡೋಣ.

ವಿಜಯಪುರವೂ ಸೇರಿದಂತೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತವೆ. ಬಹುಕಾಲ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಅಜ್ಜ, ಮಗ, ಮೊಮ್ಮಗ ಮೂವರ ಹಲ್ಲೂ ಹಾಗೇ ಇದ್ದರೆ ನೋಡಿದವರು "ಇದು ವಂಶದ್ದು" ಎಂದೇ ಹೇಳುತ್ತಾರೆ. ಆದರೆ ಅಲ್ಲಿ ವಂಶವಾಹಿಯ ದೋಷವಿಲ್ಲ. ಮೂರು ತಲೆಮಾರೂ ಒಂದೇ ನೀರು ಕುಡಿದಿದೆ, ಅಷ್ಟೇ. ನೀರು ಬದಲಾದರೆ ನಾಲ್ಕನೆಯ ತಲೆಮಾರಿನ ಹಲ್ಲು ಬಿಳಿಯಾಗಿರುತ್ತದೆ.

ಇನ್ನು ಮಲೆನಾಡಿಗೆ ಬನ್ನಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನಲ್ಲಿ 1975ರ ಸುಮಾರಿಗೆ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿಗಳಲ್ಲಿ ನೋವು ಹುಟ್ಟಿ, ಕ್ರಮೇಣ ಕೀಲುಗಳು ಸವೆದು, ದುಡಿಯುವ ಜನ ನಡೆಯಲಾರದಂತಾಗುತ್ತಿದ್ದರು. ಕೆಲವರ ಎತ್ತರವೇ ಕುಗ್ಗಿತ್ತು. ಬಡ ಕೂಲಿಕಾರರ ಮನೆಗಳಲ್ಲೇ ಇದು ಹೆಚ್ಚಾಗಿ ಕಂಡದ್ದರಿಂದ ಮೊದಲು ಸಂಶಯ ಬಿದ್ದದ್ದು ಊಟದ ಮೇಲೆ. ಕೀಟನಾಶಕ ಹೊಡೆದ ಗದ್ದೆಯ ಏಡಿ, ಮೀನು ತಿಂದದ್ದರಿಂದ ಹೀಗಾಯಿತೇ ಎಂದು ವಿಚಾರ ನಡೆಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ತಜ್ಞರು ಮನೆ ಮನೆಯ ವಂಶವೃಕ್ಷ ಬರೆದರು. ಕಾಯಿಲೆ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದಿರುವುದು ಆ ವಂಶವೃಕ್ಷಗಳಲ್ಲಿ ಕಾಣಿಸಿತು. ಇಂಥ ಅನುವಂಶೀಯತೆಯಲ್ಲಿ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಎರಡರಲ್ಲಿ ಒಂದು.

ಒಂದು ಕಡೆ ರಕ್ತದ್ದು ಎನಿಸಿದ್ದು ನೀರಿನದಾಗಿತ್ತು. ಇನ್ನೊಂದು ಕಡೆ ಊಟದ್ದು ಎನಿಸಿದ್ದು ರಕ್ತದ್ದಾಗಿತ್ತು. ಎರಡೂ ಕಡೆ ಕಣ್ಣಿಗೆ ಕಂಡದ್ದು ಒಂದೇ ದೃಶ್ಯ: ಒಂದೇ ಮನೆಯಲ್ಲಿ ಹಲವರಿಗೆ ಕಾಯಿಲೆ. ಕೇವಲ ನೋಡಿದರೆ ಸಾಲದು, ಕ್ರಮಬದ್ಧವಾಗಿ ಹೋಲಿಸಿ ಲೆಕ್ಕ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ವಿಷಯ ಇಷ್ಟು ಸರಳವಲ್ಲ. ಅಲ್ಲಿ ರಕ್ತವೂ ಇದೆ, ಮನೆಯೂ ಇದೆ. ಇವೆರಡನ್ನೂ ಬಿಡಿಸಿ ನೋಡುವುದು ಹೇಗೆ? ಇಲ್ಲಿ ವಿಜ್ಞಾನಿಗಳ ನೆರವಿಗೆ ಬಂದವರು ಅವಳಿಗಳು.

ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಫಲಿತಗೊಂಡು, ನಂತರ ಎರಡಾಗಿ ಒಡೆದು ಬೆಳೆದವರು ಏಕಾಂಡ ಅವಳಿಗಳು. ಅವರ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳು ಬೇರೆ ಬೇರೆಯಾಗಿ ಫಲಿತಗೊಂಡು ಜೊತೆಯಾಗಿ ಬೆಳೆದವರು ದ್ವಯಾಂಡ ಅವಳಿಗಳು. ವಂಶವಾಹಿಗಳ ಮಟ್ಟಿಗೆ ಅವರು ಸಾಮಾನ್ಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಂತೆ. ಸರಾಸರಿ ಅರ್ಧದಷ್ಟು ಸಮಾನ. ಆದರೆ ಈ ಎರಡೂ ಬಗೆಯವರು ಒಂದೇ ಹೊಟ್ಟೆಯಲ್ಲಿ, ಒಂದೇ ಹೊತ್ತಿನಲ್ಲಿ ಬೆಳೆದು, ಒಂದೇ ಮನೆಯ ಅನ್ನ ಉಂಡವರು.

ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ತೆನೆಯ ಜೋಳವನ್ನು ಎರೆ ಹೊಲದಲ್ಲೂ ಮಸಾರಿ ಹೊಲದಲ್ಲೂ ಬಿತ್ತಿದರೆ, ಬೆಳೆಯಲ್ಲಿ ಕಾಣುವ ವ್ಯತ್ಯಾಸ ಮಣ್ಣಿನದು. ಎರಡು ತಳಿಗಳನ್ನು ಒಂದೇ ಎರೆ ಹೊಲದಲ್ಲಿ ಬಿತ್ತಿದರೆ, ವ್ಯತ್ಯಾಸ ಬೀಜದ್ದು. ಅವಳಿಗಳ ಲೆಕ್ಕವೂ ಹೀಗೆಯೇ. ಒಂದು ಕಾಯಿಲೆ ದ್ವಯಾಂಡ ಜೋಡಿಗಳಿಗಿಂತ ಏಕಾಂಡ ಜೋಡಿಗಳಲ್ಲಿ ಇಬ್ಬರಿಗೂ ಬರುವುದು ಹೆಚ್ಚಾಗಿದ್ದರೆ ಅದರಲ್ಲಿ ರಕ್ತದ ಪಾಲು ಇದೆ. ಎರಡೂ ಬಗೆಯವರಲ್ಲಿ ಸಮಾನವಾಗಿದ್ದರೆ ಮನೆಯ ಪಾಲು ದೊಡ್ಡದು. ಏಕಾಂಡ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿದ್ದರೆ, ರಕ್ತವೂ ಅಲ್ಲದ, ಹಂಚಿಕೊಂಡ ಮನೆಯೂ ಅಲ್ಲದ ಮೂರನೆಯದೊಂದು ಕಾರಣ ಹುಡುಕಬೇಕು.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1875ರಲ್ಲೇ ಅವಳಿಗಳ ಬದುಕನ್ನು ಹೋಲಿಸಿ ಬರೆದಿದ್ದ. ಏಕಾಂಡ, ದ್ವಯಾಂಡ ಜೋಡಿಗಳನ್ನು ಎದುರುಬದುರು ಇಟ್ಟು ಲೆಕ್ಕ ಹಾಕುವ ಕ್ರಮ ನೆಲೆಗೊಂಡದ್ದು 1920ರ ದಶಕದಲ್ಲಿ. ಮುಂದೆ ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ದೇಶಗಳು ಇಡೀ ದೇಶದ ಅವಳಿಗಳ ಹೆಸರು ಬರೆದಿಡುವ ನೋಂದಣಿ ಪುಸ್ತಕಗಳನ್ನೇ ತೆರೆದವು. ಡೆನ್ಮಾರ್ಕಿನದು ಆರಂಭವಾದದ್ದು 1954ರಲ್ಲಿ. ನಮ್ಮ ನೆರೆಯ ಶ್ರೀಲಂಕಾದಲ್ಲೂ 1990ರ ದಶಕದ ಕೊನೆಗೆ ಇಂಥ ನೋಂದಣಿ ಶುರುವಾಯಿತು.

ಇಡೀ ದೇಶದ ನೋಂದಣಿ ಏಕೆ ಬೇಕು? ಸಕ್ಕರೆ ಕಾಯಿಲೆಯ ಕಥೆ ಕೇಳಿ. 1981ರಲ್ಲಿ ಲಂಡನ್ನಿನ ವೈದ್ಯರು 200 ಏಕಾಂಡ ಜೋಡಿಗಳ ವರದಿ ಪ್ರಕಟಿಸಿದರು. ಅದರಲ್ಲಿ ನಡುವಯಸ್ಸಿನ ನಂತರ ಬರುವ ಬಗೆಯ ಸಕ್ಕರೆ ಕಾಯಿಲೆ ಇದ್ದ ಜೋಡಿಗಳು 53. ಆ 53ರಲ್ಲಿ 48 ಜೋಡಿಗಳಲ್ಲಿ ಇಬ್ಬರಿಗೂ ಕಾಯಿಲೆ! ಇದನ್ನು ಓದಿದ ಯಾರಾದರೂ ಮಮದಾಪುರದ ಆ ಹಿರಿಯರ ಮಾತೇ ನಿಜ ಎನ್ನಬೇಕು. ಆದರೆ 1992ರಲ್ಲಿ ಫಿನ್ಲೆಂಡಿನವರು ತಮ್ಮ ಇಡೀ ದೇಶದ ನೋಂದಣಿಯನ್ನು ಹಿಡಿದು ಲೆಕ್ಕ ಮಾಡಿದಾಗ ಚಿತ್ರ ಬದಲಾಯಿತು. ಅಲ್ಲಿ ಏಕಾಂಡ ಅವಳಿಗಳಲ್ಲಿ ಹೊಂದಿಕೆ ನೂರಕ್ಕೆ 34, ದ್ವಯಾಂಡ ಅವಳಿಗಳಲ್ಲಿ ನೂರಕ್ಕೆ 16. ವ್ಯತ್ಯಾಸ ಬರಲು ಒಂದು ಕಾರಣ ಸುಲಭವಾಗಿ ಊಹಿಸಬಹುದು. ಅವಳಿಗಳಿಬ್ಬರಿಗೂ ಒಂದೇ ಕಾಯಿಲೆ ಬಂದರೆ ವೈದ್ಯರ ಕಣ್ಣಿಗೆ ಬೇಗ ಬೀಳುತ್ತಾರೆ. ಒಬ್ಬರಿಗೆ ಬಂದು ಇನ್ನೊಬ್ಬರು ಆರೋಗ್ಯವಾಗಿದ್ದರೆ ಆ ಸುದ್ದಿ ಮನೆಯಲ್ಲೇ ಉಳಿಯುತ್ತದೆ. ಫಿನ್ಲೆಂಡಿನ ಅಂಕಿಗಳು ಎರಡು ಮಾತು ಹೇಳುತ್ತವೆ. ರಕ್ತದ ಪಾಲು ಖಂಡಿತ ಇದೆ, ಏಕೆಂದರೆ 34 ಎನ್ನುವುದು 16ರ ಎರಡು ಪಟ್ಟು. ಆದರೆ ಒಂದೇ ವಂಶವಾಹಿ ಹೊತ್ತವರಲ್ಲೂ ಬಹುಪಾಲು ಜನ ಜೊತೆಗಾರರ ಕಾಯಿಲೆಯನ್ನು ಪಡೆದಿರಲಿಲ್ಲ.

ಹೃದ್ರೋಗದ ಬಗ್ಗೆ ಸ್ವೀಡನ್ನಿನ ಅಧ್ಯಯನವೊಂದು 1994ರಲ್ಲಿ ಹೊರಬಂತು. 21,004 ಅವಳಿಗಳನ್ನು 26 ವರ್ಷಗಳ ಕಾಲ ಗಮನಿಸಿದ ಕೆಲಸ ಅದು. ಅವಳಿ ಸಹೋದರರಲ್ಲಿ ಒಬ್ಬ 55 ವರ್ಷ ತುಂಬುವ ಮೊದಲೇ ಹೃದ್ರೋಗದಿಂದ ತೀರಿಕೊಂಡರೆ, ಉಳಿದವನಿಗೆ ಅದೇ ಕಾಯಿಲೆಯಿಂದ ಸಾವು ಬರುವ ಅಪಾಯ ಎಷ್ಟು ಹೆಚ್ಚು? ಏಕಾಂಡದವರಲ್ಲಿ ಸುಮಾರು 8 ಪಟ್ಟು, ದ್ವಯಾಂಡದವರಲ್ಲಿ ಸುಮಾರು 4 ಪಟ್ಟು. ಆದರೆ ಮೊದಲನೆಯವನು ವಯಸ್ಸಾದ ಮೇಲೆ ತೀರಿಕೊಂಡಷ್ಟೂ ಈ ಅಪಾಯದ ಪಟ್ಟು ಇಳಿಯುತ್ತ ಹೋಯಿತು. ಎಂಬತ್ತೈದರ ಅಜ್ಜ ಹೃದಯ ನಿಂತು ಹೋದರೆ ಅದು ಮನೆತನದ ಎಚ್ಚರಿಕೆಯಲ್ಲ. ನಲವತ್ತೆಂಟರ ತಂದೆಯೋ ಅಣ್ಣನೋ ಹಾಗೆ ಹೋದರೆ ಅದು ಎಚ್ಚರಿಕೆ. ಆದ್ದರಿಂದ ಏನಾಗಿ ತೀರಿಕೊಂಡರು ಎಂದು ಕೇಳಿದರೆ ಸಾಲದು, ಎಷ್ಟನೆಯ ವಯಸ್ಸಿನಲ್ಲಿ ಎಂದೂ ಕೇಳಬೇಕು.

ಆಯುಸ್ಸಿನ ಲೆಕ್ಕವನ್ನೂ ಡೆನ್ಮಾರ್ಕಿನವರು ಮಾಡಿದ್ದಾರೆ. 1870ರಿಂದ 1900ರವರೆಗೆ ಹುಟ್ಟಿದ 2,872 ಅವಳಿ ಜೋಡಿಗಳನ್ನು ಹೋಲಿಸಿದಾಗ, ಜನರ ಆಯುಸ್ಸಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ವಂಶವಾಹಿಗಳ ವ್ಯತ್ಯಾಸ ಕಾರಣ ಎಂದು ತಿಳಿಯಿತು. ಇಲ್ಲಿ ಒಂದು ಎಚ್ಚರ ಬೇಕು. ಕಾಲು ಭಾಗ ಎಂದರೆ ನಿಮ್ಮ ಎಂಬತ್ತು ವರ್ಷಗಳಲ್ಲಿ ಇಪ್ಪತ್ತನ್ನು ಅಜ್ಜ ಕೊಟ್ಟರು ಎಂದಲ್ಲ. ಅದು ಒಂದು ಜನಸಮೂಹದೊಳಗಿನ ಏರುಪೇರಿನ ಲೆಕ್ಕ. ಬೇರೆ ದೇಶದಲ್ಲಿ, ಬೇರೆ ಕಾಲದಲ್ಲಿ ಅದು ಬೇರೆಯಾಗಬಹುದು.

ಹೀಗೆ ರಕ್ತ ಮತ್ತು ಮನೆ ಎಂದು ಎರಡೇ ಪಾಲು ಮಾಡಿದೆವು. ಆದರೆ ನಮ್ಮ ಮೈಸೂರಿನಲ್ಲಿ ನಡೆದ ಅಧ್ಯಯನವೊಂದು, ಹುಟ್ಟುವ ಮೊದಲೇ ನಾವು ಒಂದು ಮನೆಯಲ್ಲಿ ಒಂಬತ್ತು ತಿಂಗಳು ಇದ್ದು ಬಂದಿರುತ್ತೇವೆ ಎಂಬುದನ್ನು ನೆನಪಿಸಿತು. ಅದು ತಾಯಿಯ ಗರ್ಭ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಆಸ್ಪತ್ರೆ, 1934ರಿಂದಲೂ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಆ ಹಳೆಯ ದಾಖಲೆಗಳು ಉಳಿದಿದ್ದವು. 1990ರ ದಶಕದಲ್ಲಿ ಅಲ್ಲಿನ ವೈದ್ಯರು ಮತ್ತು ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಸೇರಿ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರನ್ನು ಮೈಸೂರಿನಲ್ಲಿ ಮನೆ ಮನೆ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 517 ಜನರ ವಿವರವಿತ್ತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ; ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತೂಕ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಅಪಾಯ ಹೆಚ್ಚಿತ್ತು. 517 ಜನ ಎಂದರೆ ದೊಡ್ಡ ಸಂಖ್ಯೆಯಲ್ಲ, ನಿಜ. ಆದರೆ ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನ ಹಳೆಯ ಹೆರಿಗೆ ದಾಖಲೆಗಳಿಂದ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು 1989ರಲ್ಲಿ ಹೇಳಿದ್ದ ಮಾತಿಗೆ ಇದು ಹೊಂದುತ್ತಿತ್ತು.

ಮುಂದೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಶುರುವಾಯಿತು. ಗರ್ಭಿಣಿಯಾಗಿದ್ದಾಗ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಒಂಬತ್ತು ಹತ್ತು ವರ್ಷದ ಹೊತ್ತಿಗೇ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚಿರುವುದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಕಂಡುಬಂತು. ತಾಯಿಗೆ ಇದ್ದದ್ದು ಮಗುವಿಗೆ ಬಂದರೆ ಅದೆಲ್ಲವೂ ರಕ್ತದ ಲೆಕ್ಕವೇ ಆಗಬೇಕಿಲ್ಲ. ಗರ್ಭದಲ್ಲಿ ಮಗು ಕಂಡ ಸಕ್ಕರೆಯೂ ಅದರಲ್ಲಿ ಸೇರಿದೆ.

ಈ ಮಾತನ್ನು ನಮ್ಮ ಅಡುಗೆಮನೆಗೆ ತನ್ನಿ. ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಬಸುರಿಯ ಊಟ ಕಡಿಮೆ ಮಾಡುವ ಮನೆಗಳು ಇವೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಸೊಸೆ ಉಣ್ಣುವ ಮನೆಗಳೂ ಇವೆ. ಆ ತಾಟಿನಲ್ಲಿ ಕಡಿಮೆಯಾದ ರೊಟ್ಟಿ, ಕಾಳಿನ ಪಲ್ಯದ ಲೆಕ್ಕ ಐವತ್ತು ವರ್ಷಗಳ ನಂತರ ಮೊಮ್ಮಗನ ಎದೆಯಲ್ಲಿ ಬರಬಹುದು. ಆಗ ಮನೆಯವರು ಅದನ್ನೂ ಮನೆತನದ್ದು ಎಂದೇ ಕರೆಯುತ್ತಾರೆ.

ರಕ್ತದ ಪಾಲು ದೊಡ್ಡದಾಗುವ ಒಂದು ಸಂದರ್ಭವನ್ನೂ ಹೇಳಬೇಕು. ಅಕ್ಕನ ಮಗಳನ್ನು ತರುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಆಸ್ತಿ ಒಡೆಯಬಾರದು, ಹೆಣ್ಣುಮಗಳು ಪರಕೀಯರ ಪಾಲಾಗಬಾರದು ಎಂಬ ಅಂತಃಕರಣ ಅದರ ಹಿಂದಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷೆ ನಡೆಸಿದರು. ಆ ಶಿಶುಗಳ ತಂದೆತಾಯಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದಲ್ಲೇ ಮದುವೆಯಾದವರು. ಕೆಲವು ಕಾಯಿಲೆಗಳ ವಂಶವಾಹಿ ಒಂದೇ ಪ್ರತಿ ಇದ್ದರೆ ಸುಮ್ಮನಿರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆಯಾಗುತ್ತದೆ. ಪೂರ್ವಜರೊಬ್ಬರ ಒಂದೇ ವಂಶವಾಹಿ ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಮಾವ-ಸೊಸೆ ಮದುವೆಯ ಮಗುವಿನಲ್ಲಿ ಎಂಟರಲ್ಲಿ ಒಂದು, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಇಂಥ ಮದುವೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಹುಟ್ಟುಕಿವುಡು, ಬುದ್ಧಿಮಾಂದ್ಯ, ಕಾರಣ ತಿಳಿಯದೆ ಶಿಶುಗಳು ತೀರಿಕೊಂಡದ್ದು ಇದ್ದರೆ, ಮದುವೆಯ ಮಾತಿಗೆ ಮೊದಲು ವೈದ್ಯರ ಸಲಹೆ ಕೇಳಬೇಕು. ಕೇಳುವುದರಿಂದ ಸಂಬಂಧ ಕೆಡುವುದಿಲ್ಲ.

ಇನ್ನು ಆ ಮಮದಾಪುರದ ಮಗನ ಪ್ರಶ್ನೆಗೆ ಉತ್ತರ ಹೇಳೋಣ. ಅವನ ಅಪಾಯ ಬೇರೆಯವರಿಗಿಂತ ಹೆಚ್ಚೇ. ಆದರೆ ಹೆಚ್ಚು ಅಪಾಯ ಎಂದರೆ ಹಣೆಬರಹವಲ್ಲ. ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಆದರೂ ಅಷ್ಟರಲ್ಲೇ ಸಕ್ಕರೆ ಕಾಯಿಲೆ ನಗರ ದಾಟಿ ಹಳ್ಳಿಗೂ ಬಂದಿದೆ. ಬದಲಾದದ್ದು ರಕ್ತವಲ್ಲ, ನಡಿಗೆ ಹೋಗಿ ಮೋಟಾರ್ ಸೈಕಲ್ ಬಂತು, ಜೋಳದ ರೊಟ್ಟಿಯ ಜಾಗಕ್ಕೆ ಅನ್ನ, ಚಹಾದ ಜೊತೆ ಕರಿದ ತಿಂಡಿ ಬಂತು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಇವರೆಲ್ಲ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದವರು. ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿ ಹೊಸ್ತಿಲು ದಾಟಿದರು. ಊಟ, ನಡಿಗೆಗಳನ್ನು ಕ್ರಮವಾಗಿ ಬದಲಿಸಿಕೊಂಡವರಲ್ಲಿ ದಾಟಿದವರು ನೂರಕ್ಕೆ 39. ಎಲ್ಲರನ್ನೂ ಉಳಿಸಲಾಗಲಿಲ್ಲ, ಆದರೆ ಸಾಕಷ್ಟು ಮಂದಿ ಉಳಿದರು. ಆ ಮಗ ಗುಟ್ಕಾ ಉಗುಳಿ, ದಿನಕ್ಕೆ ಅರ್ಧ ತಾಸು ನಡೆದು, ವರ್ಷಕ್ಕೊಮ್ಮೆ ರಕ್ತ, ರಕ್ತದೊತ್ತಡ ತೋರಿಸಿಕೊಂಡರೆ, ತಂದೆಗೆ ಬಂದ ವಯಸ್ಸಿಗೆ ಅವನಿಗೂ ಬರಲೇಬೇಕೆಂದಿಲ್ಲ.

ಕೊನೆಯದಾಗಿ ನಿಮ್ಮಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಹೊಲದ ಉತಾರ, ಸಾಲದ ಕಾಗದ, ಜಾತಕ ಎಲ್ಲವೂ ಗಂಟು ಕಟ್ಟಿ ಭದ್ರವಾಗಿರುತ್ತವೆ. ಆರೋಗ್ಯದ ಕಾಗದ ಮಾತ್ರ ಇರುವುದಿಲ್ಲ. ಒಂದು ನೋಟುಪುಸ್ತಕ ತನ್ನಿ. ಅಜ್ಜ ಅಜ್ಜಿ, ತಂದೆ ತಾಯಿ, ಅವರ ಒಡಹುಟ್ಟಿದವರು, ನಿಮ್ಮ ಒಡಹುಟ್ಟಿದವರು, ಮಕ್ಕಳು ಇವರ ಹೆಸರು ಬರೆಯಿರಿ. ಯಾರಿಗೆ ಯಾವ ಕಾಯಿಲೆ, ಎಷ್ಟನೆಯ ವಯಸ್ಸಿನಲ್ಲಿ ಕಾಣಿಸಿತು, ತೀರಿಕೊಂಡಿದ್ದರೆ ಯಾವ ವಯಸ್ಸಿನಲ್ಲಿ, ಹೇಗೆ ಎಂದು ಬರೆಯಿರಿ. ಮದುವೆ ರಕ್ತಸಂಬಂಧದಲ್ಲಿ ಆಗಿದ್ದರೆ ಅದನ್ನೂ, ಮಕ್ಕಳು ಹುಟ್ಟಿದಾಗಿನ ತೂಕವನ್ನೂ, ಮನೆಗೆ ಯಾವ ನೀರು ಎಂಬುದನ್ನೂ ಬರೆಯಿರಿ. ಹೆಣ್ಣು ಕೊಡಲಿಕ್ಕಿಲ್ಲ ಎಂಬ ಹೆದರಿಕೆಯಿಂದ ಕಾಯಿಲೆ ಮುಚ್ಚಿಡುವವರು ಇದ್ದಾರೆ. ಆ ಪುಸ್ತಕವನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ. ನಿಮ್ಮ ವೈದ್ಯರು ನೋಡಿದರೆ, ನಿಮ್ಮ ಮಕ್ಕಳು ಓದಿದರೆ ಸಾಕು.

ಬರೆಯಲು ಬೇಕಾದ ಅರ್ಧ ಸಂಗತಿ ಇಂದು ನಿಮ್ಮ ಮನೆಯ ಅಜ್ಜಿಯ ನೆನಪಿನಲ್ಲಿದೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ.